ಟ್ಯೂಷನ್ ಹೇಳುತ್ತಲೇ ಓದಿ ಮೊದಲ ಸ್ಥಾನ ಪಡೆದ ವಿಶ್ವೇಶ್ವರಯ್ಯ

ಸಿ. ಬೆಳಗಲ್: ಡಿಗ್ರಿ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಬಂತೆಂದರೆ ಗಡಿ ಭಾಗದ ಮನೆಗಳಲ್ಲಿ ಚಿಂತೆ ಶುರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಓದಿದ್ದು ತೆಲುಗು, ಕಾಲೇಜಿಗೆ ಹೋದರೆ ಇಂಗ್ಲಿಷ್. ಜೊತೆಗೆ ಹೊಲದ ಕೆಲಸ, ಬಸ್ಸಿನ ಓಡಾಟ. ಇಷ್ಟರ ನಡುವೆ ಓದಲು ಹೊತ್ತು ಎಲ್ಲಿಂದ ತರುವುದು? ಹೆಚ್ಚು ಕಡಿಮೆ ಇದೇ ಕಷ್ಟದಲ್ಲಿ ಓದಿದ ಹುಡುಗನೊಬ್ಬ ಮುಂದೆ ಸರ್ ಎಂ. ವಿಶ್ವೇಶ್ವರಯ್ಯ ಎಂದು ಹೆಸರಾದರು. ಅವರು ಕಟ್ಟಿಸಿದ ಅಣೆಕಟ್ಟೆಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಪರೀಕ್ಷೆಗೆ ಕುಳಿತ ದಿನಗಳ ಮಾತು ಅಪರೂಪ.

ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಮಾತು ತೆಲುಗು. ಹಿರಿಯರ ಊರು ಮೋಕ್ಷಗುಂಡಂ, ಹಳೆಯ ಕರ್ನೂಲು ಜಿಲ್ಲೆಗೆ ಸೇರಿದ್ದ ಗಿದ್ದಲೂರು ಕಡೆಯದು. ಅವರ ಹೆಸರಿನ ಮುಂದಿನ 'ಎಂ' ಅದೇ ಊರು. ತಂದೆ ತೀರಿಕೊಂಡಾಗ ಕುಟುಂಬ ಕರ್ನೂಲಿನಲ್ಲಿತ್ತು, ಅಲ್ಲಿಂದ ಊರಿಗೆ ಮರಳಿತು ಎಂದು ಅವರ ಜೀವನ ಚರಿತ್ರೆಗಳಲ್ಲಿದೆ. ಹುಡುಗ ಆಗಿನ್ನೂ ಶಾಲೆಯಲ್ಲಿದ್ದ.

ಮನೆಯಲ್ಲಿ ಹಣವಿಲ್ಲ. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರಿದ್ದರು. ಅವರ ಆಸರೆಯಲ್ಲಿ ವಿಶ್ವೇಶ್ವರಯ್ಯ ಸೆಂಟ್ರಲ್ ಕಾಲೇಜು ಸೇರಿದರು. ಖರ್ಚಿಗಾಗಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದರು. ವಾಸ ಆ ಮನೆಯಲ್ಲಿ, ಊಟ ಮಾವನ ಮನೆಯಲ್ಲಿ. ನಡುವೆ ಕಾಲ್ನಡಿಗೆ, ಕಾಲೇಜು. ದಿನದ ಹೆಚ್ಚು ಹೊತ್ತು ಬೇರೆಯವರ ಪಾಲು. ಉಳಿದದ್ದನ್ನು ಅಳೆದು ಬಳಸದೆ ಗತ್ಯಂತರವಿರಲಿಲ್ಲ.

ಅವರು ಬೀದಿ ದೀಪದ ಕೆಳಗೆ ಕುಳಿತು ಓದಿದರೆಂಬ ಕತೆ ಮಕ್ಕಳಿಗೆಲ್ಲ ಬಾಯಿಪಾಠ. ಆ ದೀಪಕ್ಕಿಂತ ಟ್ಯೂಷನ್ನಿನ ಸಂಗತಿಯೇ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗದ್ದು. ಚಿಕ್ಕವರಿಗೆ ಒಂದು ಲೆಕ್ಕ ಬಿಡಿಸಿ ತಿಳಿಸಬೇಕಾದರೆ ಮೊದಲು ತನಗೆ ಅದು ಪೂರ್ತಿ ತಿಳಿದಿರಬೇಕು. ಎಲ್ಲಿ ತಡವರಿಸುತ್ತೇವೋ ಅಲ್ಲೇ ಪಾಠ ಅರೆಬರೆ ಎಂದು ಗೊತ್ತಾಗುತ್ತದೆ. ಗೈಡ್ ಹಿಡಿದು ಹತ್ತು ಸಲ ಉರು ಹೊಡೆದರೂ ಈ ತಪಾಸಣೆ ಆಗುವುದಿಲ್ಲ.

ಆಗ ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ. ಸೆಂಟ್ರಲ್ ಕಾಲೇಜಿನ ಹುಡುಗರು ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯಬೇಕಿತ್ತು, ಅದೂ ಇಂಗ್ಲಿಷಿನಲ್ಲಿ. ಈಗಿನಂತೆ ಆರು ತಿಂಗಳಿಗೊಂದು ಸೆಮಿಸ್ಟರ್ ಇಲ್ಲ. ಅಷ್ಟು ದೊಡ್ಡ ಪಾಠಭಾಗವನ್ನು ಕೊನೆಯ ವಾರಕ್ಕೆ ಬಿಟ್ಟವರ ಗತಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯ 1881ರಲ್ಲಿ ಬಿ.ಎ. ಪಾಸಾದರು. ಗಣಿತದಲ್ಲಿ ಚುರುಕಾಗಿದ್ದ ಈ ಹುಡುಗನ ಮೇಲೆ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಅವರಿಗೆ ಬಹಳ ಅಭಿಮಾನ. ತಮ್ಮ ಚಿನ್ನದ ತೋಳುಗುಂಡಿಗಳು ಈ ಶಿಷ್ಯನಿಗೇ ಸೇರಬೇಕೆಂದು ಅವರು ಉಯಿಲಿನಲ್ಲಿ ಬರೆದಿಟ್ಟಿದ್ದರು.

ಮುಂದಿನದು ಇನ್ನೂ ಬಿಗಿಯಾದ ಪರೀಕ್ಷೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ, ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಓದಲು ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. ಅಲ್ಲಿ ಊರಿನ ಮಾತು ಮರಾಠಿ, ಗುರುತಿನವರು ಇಲ್ಲ. ಸರ್ಕಾರದ ದುಡ್ಡಿನಲ್ಲಿ ಓದುವ ಹುಡುಗ ಫೇಲಾದರೆ ಮತ್ತೊಮ್ಮೆ ಕಳಿಸಲು ಮನೆಯಲ್ಲಿ ಯಾರಿಗೂ ಶಕ್ತಿ ಇರಲಿಲ್ಲ. ಇನ್ನೊಂದು ಕಡೆ, ಮೊದಲ ಸ್ಥಾನ ಪಡೆದವರಿಗೆ ಬೊಂಬಾಯಿ ಸರ್ಕಾರದಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ ಖಾತ್ರಿ. ಬರೀ ಪಾಸಾಗುವುದಕ್ಕೂ ಮೊದಲಿಗರಾಗುವುದಕ್ಕೂ ಇಡೀ ಬದುಕಿನಷ್ಟು ಅಂತರ.

ಬಿ.ಎ. ಮುಗಿದು ಎರಡೇ ವರ್ಷ ಕಳೆದಿತ್ತು. 1883ರ ಎಲ್.ಸಿ.ಇ. ಮತ್ತು ಎಫ್.ಸಿ.ಇ. ಪರೀಕ್ಷೆಗಳಲ್ಲಿ ಅವರು ಬೊಂಬಾಯಿ ಪ್ರಾಂತ್ಯಕ್ಕೇ ಮೊದಲಿಗರಾದರು. ಜೇಮ್ಸ್ ಬರ್ಕ್ಲಿ ಬಹುಮಾನವೂ ಬಂತು. 1884ರಲ್ಲಿ ಲೋಕೋಪಯೋಗಿ ಇಲಾಖೆಯ ಅಸಿಸ್ಟೆಂಟ್ ಇಂಜಿನಿಯರ್ ಆಗಿ ನಾಸಿಕ್‌ನಲ್ಲಿ ಕೆಲಸಕ್ಕೆ ಸೇರಿದಾಗ ವಯಸ್ಸು ಇನ್ನೂ ಇಪ್ಪತ್ತೆರಡು.

ನೌಕರಿ ಸಿಕ್ಕ ಮೇಲೆ ಪುಸ್ತಕ ಮುಚ್ಚಿಡುವವರೇ ಹೆಚ್ಚು. ಇವರು ಹಾಗಲ್ಲ. ದಿವಾನರಾದ ಮೇಲೂ ಸಿದ್ಧತೆಯಿಲ್ಲದೆ ಭಾಷಣಕ್ಕೆ ನಿಲ್ಲುತ್ತಿರಲಿಲ್ಲ. ಮೊದಲು ಬರೆದು, ತಿದ್ದಿ, ಮತ್ತೆ ಬರೆದು ಸಿದ್ಧವಾಗುತ್ತಿದ್ದರು. ಗಡಿಯಾರ ನೋಡಿಕೊಂಡು ಬದುಕಿದ ಮನುಷ್ಯ ಎಂಬ ಹೆಸರು ಕೊನೆಯವರೆಗೂ ಉಳಿಯಿತು. 1955ರಲ್ಲಿ ಭಾರತ ರತ್ನ ಬಂತು, 1962ರ ಏಪ್ರಿಲ್‌ನಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

1912ರಿಂದ 1918ರವರೆಗೆ ದಿವಾನರಾಗಿದ್ದಾಗ ಅವರು ಮಾಡಿದ ಎರಡು ಕೆಲಸಗಳನ್ನು ಇಲ್ಲಿ ಹೇಳಲೇಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಪದವಿಗಾಗಿ ಮದ್ರಾಸಿನ ಕಡೆ ನೋಡುವುದು ಸಂಸ್ಥಾನದ ಹುಡುಗರಿಗೆ ತಪ್ಪಿತು. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲೇ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಅವರಂತೆ ಪುಣೆಗೆ ಹೋಗಿ ಓದುವ ಕಷ್ಟವೂ ಹಿಂದಿನ ಮಾತಾಯಿತು. ಆ ಕಾಲೇಜಿಗೆ ಇಂದು ಅವರದೇ ಹೆಸರಿದೆ.