ನಂಜನಗೂಡಿನ ಜಡ್ಜಿಗೆ ಓಟು ಹಾಕಿದವರು ಯಾರು?

ಮಕ್ಕಳೇ, ಒಹಾಯೋದಲ್ಲಿ ಬೆಳೆಯುತ್ತಿರುವ ನಿಮಗೆ ಚುನಾವಣೆಗೆ ನಿಂತ ನ್ಯಾಯಾಧೀಶರು ಹೊಸದೇನಲ್ಲ. ಅಕ್ಟೋಬರ್ ಬಂತೆಂದರೆ ಅಕ್ಕಪಕ್ಕದ ಮನೆಗಳ ಮುಂದೆ ಅವರ ಹೆಸರಿನ ಫಲಕಗಳು ಏಳುತ್ತವೆ. 2022ರ ನವೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಶರಾನ್ ಕೆನಡಿ ಮತ್ತು ಜೆನಿಫರ್ ಬ್ರನರ್, ಎದುರುಬದುರಾಗಿ ನಿಂತಿದ್ದರು. ಮತಪತ್ರದಲ್ಲಿ ಹೆಸರಿನ ಜೊತೆ ಪಕ್ಷವೂ ಅಚ್ಚಾಗಿತ್ತು. ಕೆನಡಿ ಗೆದ್ದು ಆರು ವರ್ಷದ ಅವಧಿಗೆ ಮುಖ್ಯ ನ್ಯಾಯಮೂರ್ತಿಯಾದರು.

ಇದನ್ನು ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಇರುವ ನಿಮ್ಮ ತಾತನಿಗೆ ಹೇಳಿ ನೋಡಿ. "ಜಡ್ಜು ಬಂದು ಓಟು ಕೇಳೋದಾ?" ಅಂತ ನಕ್ಕುಬಿಡುತ್ತಾರೆ.

ಓಟೆಂದರೆ ನಮ್ಮ ಕಡೆಯವರಿಗೆ ಅಸಡ್ಡೆ ಅಂತಲ್ಲ. ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. ಮುಂದೆ ಅವರೇ ಚಾಮರಾಜನಗರ ಲೋಕಸಭಾ ಕ್ಷೇತ್ರದ ಸಂಸದರಾದರು, ನಂಜನಗೂಡು, ತಿ. ನರಸೀಪುರ ಎರಡೂ ಆ ಕ್ಷೇತ್ರಕ್ಕೇ ಸೇರಿವೆ. ಗ್ರಾಮ ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಅಷ್ಟು ಬಿಗಿಯಾಗಿ ಓಟು ಎಣಿಸುವ ಜನ, ಕೋರ್ಟಿನ ಬಾಗಿಲಿಗೆ ಮಾತ್ರ ಅದನ್ನು ತಂದಿಲ್ಲ.

ಹಾಗಾದರೆ ನಂಜನಗೂಡಿನ ಜಡ್ಜು ಬಂದದ್ದು ಎಲ್ಲಿಂದ? ಪರೀಕ್ಷೆ ಬರೆದು. ಕಾನೂನು ಪದವಿ ಬೇಕು, ಜೊತೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ಹಳೆಯ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ಜಾರಿಗೆ ತಂದಿದೆ. ಪರೀಕ್ಷೆ ನಡೆಸುವುದು ಕರ್ನಾಟಕ ಹೈಕೋರ್ಟ್. ಮೊದಲು ಪೂರ್ವಭಾವಿ ಪರೀಕ್ಷೆ, ಆಮೇಲೆ ಮುಖ್ಯ ಪರೀಕ್ಷೆ, ಕೊನೆಗೆ ಸಂದರ್ಶನ. ಮುಖ್ಯ ಪರೀಕ್ಷೆಯಲ್ಲಿ ಒಂದು ಇಡೀ ಪತ್ರಿಕೆ ಅನುವಾದಕ್ಕೇ ಮೀಸಲು: ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ.

ಅದು ಯಾಕೆಂದು ಕೋರ್ಟಿನೊಳಗೆ ಒಂದು ಗಳಿಗೆ ಕೂತರೆ ತಿಳಿಯುತ್ತದೆ. ಬಾಗಿಲಲ್ಲಿ ಜವಾನ ಕಕ್ಷಿದಾರರ ಹೆಸರು ಕೂಗುತ್ತಾನೆ. ಅಣ್ಣತಮ್ಮಂದಿರ ಜಮೀನಿನ ಪಾಲು, ಬೌನ್ಸ್ ಆದ ಚೆಕ್ಕು, ಊಟಿ ರಸ್ತೆಯ ಅಪಘಾತ, ಹೀಗೆ ಒಂದಾದ ಮೇಲೊಂದು. ಹಳ್ಳಿಯಿಂದ ಬಂದ ಹಿರಿಯರೊಬ್ಬರು ಕಟಕಟೆ ಹತ್ತಿ, ಕೈಮುಗಿದು, "ಬುದ್ಧೀ, ಆ ಬೇಲಿ ನಮ್ಮಪ್ಪನ ಕಾಲದ್ದು" ಅಂತ ಶುರು ಮಾಡುತ್ತಾರೆ. ಆ ಮಾತು ಮುಂದೆ ಮೇಲ್ಮನವಿಯಾಗಿ ಬೆಂಗಳೂರಿನ ಹೈಕೋರ್ಟಿಗೆ ಹೋದರೆ ಅಲ್ಲಿ ಕಲಾಪ ಇಂಗ್ಲಿಷಿನಲ್ಲಿ. ಬೇಲಿ ಒಂದಡಿಯೂ ಆಚೀಚೆ ಸರಿಯದಂತೆ ಆ ಮಾತನ್ನು ದಾಟಿಸುವುದು ಸುಲಭವಲ್ಲ!

ಇನ್ನು ಹೈಕೋರ್ಟು, ಸುಪ್ರೀಂ ಕೋರ್ಟುಗಳ ಕಥೆಯೇ ಬೇರೆ. ಅಲ್ಲಿಗೆ ಪರೀಕ್ಷೆ ಇಲ್ಲ, ಓಟೂ ಇಲ್ಲ. ಆರಿಸುವುದು ಯಾರು ಎಂಬ ಜಗಳ ಐವತ್ತು ವರ್ಷಕ್ಕೂ ಹಳೆಯದು, ಅದರ ನಡುವೆ ನಿಂತವರಲ್ಲಿ ನಮ್ಮವರೊಬ್ಬರಿದ್ದರು: ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ.

ಕಾಸರಗೋಡಿನ ಹತ್ತಿರ ಎಡನೀರು ಮಠ ಅಂತ ಒಂದಿದೆ, ಯಕ್ಷಗಾನ ಬಲ್ಲವರಿಗೆ ಗೊತ್ತಿರುತ್ತದೆ. ಅಲ್ಲಿನ ಸ್ವಾಮೀಜಿ ಕೇಶವಾನಂದ ಭಾರತಿಯವರು ಕೇರಳ ಸರ್ಕಾರದ ಭೂಸುಧಾರಣಾ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಮಠದ ಜಮೀನಿನಿಂದ ಶುರುವಾದ ಮೊಕದ್ದಮೆ ದೇಶದ ಸಂವಿಧಾನದ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ನ್ಯಾಯಮೂರ್ತಿಗಳು ಕೂತು ಕೇಳಿದರು. 1973ರ ಏಪ್ರಿಲ್ 24ರಂದು, ಏಳು-ಆರರ ಬಹುಮತದಲ್ಲಿ, ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದರು. ಆ ಏಳು ಜನರಲ್ಲಿ ಹೆಗ್ಡೆಯವರೂ ಒಬ್ಬರು.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ತೀರ್ಪಿನ ಬೆನ್ನಲ್ಲೇ ಮುಖ್ಯ ನ್ಯಾಯಮೂರ್ತಿ ಸ್ಥಾನ ತೆರವಾಯಿತು. ಹಿರಿತನದ ಸಾಲಿನಲ್ಲಿ ಮೊದಲಿದ್ದವರು ಶೆಲಟ್, ಹೆಗ್ಡೆ, ಗ್ರೋವರ್. ಮೂವರನ್ನೂ ಬಿಟ್ಟು ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಎದ್ದು ಬಂದರು. ಆಮೇಲೆ ಹೆಗ್ಡೆಯವರು ಮಾಡಿದ್ದು ನಿಮ್ಮ ಒಹಾಯೋದವರಿಗೂ ಇಷ್ಟವಾಗುವಂಥದ್ದು: 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಚುನಾವಣೆಗೆ ನಿಂತು, ಗೆದ್ದು, ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. ನ್ಯಾಯಮೂರ್ತಿ ಓಟು ಕೇಳಿದರು, ನಿಜ. ಆದರೆ ಕುರ್ಚಿ ಬಿಟ್ಟಮೇಲೆ.

1993ರಲ್ಲಿ ಸುಪ್ರೀಂ ಕೋರ್ಟ್ ಆಯ್ಕೆಯ ಕೊನೆಯ ಮಾತನ್ನು ತನ್ನ ಹಿರಿಯ ನ್ಯಾಯಮೂರ್ತಿಗಳ ಕೈಗೆ ತೆಗೆದುಕೊಂಡಿತು. ಅದಕ್ಕೇ ಕೊಲಿಜಿಯಂ ಎನ್ನುತ್ತಾರೆ. ಅದನ್ನು ಬದಲಿಸಲು ಪಾರ್ಲಿಮೆಂಟು ತಂದ ಕಾನೂನು 2015ರಲ್ಲಿ ಬಿದ್ದುಹೋಯಿತು.

ನನ್ನನ್ನು ಕೇಳಿದರೆ, ಎರಡೂ ಕಡೆ ಹುಳುಕಿದೆ. ತನ್ನ ಮುಂದೆ ವಾದಿಸುವ ವಕೀಲರಿಂದಲೇ ಪ್ರಚಾರಕ್ಕೆ ದೇಣಿಗೆ ಪಡೆಯುವ ಜಡ್ಜನ್ನು ನಂಬುವುದು ಕಷ್ಟ. ಬಾಗಿಲು ಹಾಕಿಕೊಂಡು ನಾಲ್ಕೈದು ಜನ ಆರಿಸಿದರೆ, ಇವರೇ ಯಾಕೆ, ಅವರು ಯಾಕಲ್ಲ ಎಂಬುದು ಹೊರಗಿನವರಿಗೆ ತಿಳಿಯುವುದೂ ಕಷ್ಟ. ನಂಜನಗೂಡಿನ ಜಡ್ಜಿನ ವಿಷಯದಲ್ಲಿ ಅಂಕವಾದರೂ ಕಣ್ಣಿಗೆ ಕಾಣುತ್ತದೆ. ನನ್ನ ಮೆಚ್ಚುಗೆ ಆ ಚಿಕ್ಕ ಕೋರ್ಟಿಗೇ.

ಜೂನ್-ಜುಲೈ ರಜೆಗೆ ಊರಿಗೆ ಹೋದಾಗ ನಂಜುಂಡೇಶ್ವರನ ದರ್ಶನ ಮಾಡಿ, ನರಸೀಪುರದ ಸಂಗಮ ನೋಡಿ, ಒಂದು ಬೆಳಿಗ್ಗೆ ತಾತನ ಜೊತೆ ಕೋರ್ಟಿಗೂ ಹೋಗಿ ಬನ್ನಿ. ಅಲ್ಲಿನ ಬೇಸಿಗೆ ರಜೆ ಅಷ್ಟರಲ್ಲಿ ಮುಗಿದಿರುತ್ತದೆ. ಸಾಮಾನ್ಯವಾಗಿ ಕಲಾಪವನ್ನು ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಫೋನ್ ಆಫ್ ಮಾಡಿ, ಜಡ್ಜು ಬಂದಾಗ ಎದ್ದು ನಿಲ್ಲಿ.