ಅಲೆಯನ್ನು ಅಂಕಿಗಳಲ್ಲಿ ಹಿಡಿದ ಭಾಸ್ಕರಾಚಾರ್ಯರು

ಮಕ್ಕಳೇ, ನೀವು ಮೊಬೈಲ್‌ನಲ್ಲಿ ಮಾತನಾಡಿದಾಗ ನಿಮ್ಮ ದನಿ ಅಂಕಿಗಳ ಸಾಲಾಗಿ ಬದಲಾಗುತ್ತದೆ. ಆಚೆ ಕಡೆಯ ಮೊಬೈಲ್‌ನಲ್ಲಿ ಆ ಅಂಕಿಗಳು ಮತ್ತೆ ದನಿಯಾಗುತ್ತವೆ. ಏರಿಳಿಯುವ ಅಲೆಯನ್ನು ಅಂಕಿಗಳಲ್ಲಿ ಬರೆದಿಡುವುದು ಹೇಗೆ? ಎಷ್ಟು ಅಂಕಿಗಳಿದ್ದರೆ ಸಾಕು? ಇಂಥದೇ ಪ್ರಶ್ನೆಗಳನ್ನು ಆಕಾಶವನ್ನು ನೋಡುತ್ತಾ ಬಿಡಿಸಿದವರು ಭಾಸ್ಕರಾಚಾರ್ಯರು.

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ಬಸವನ ಬಾಗೇವಾಡಿಯ ಬಸವಣ್ಣನವರು ಬಾಳಿದ್ದೂ ಅದೇ 12ನೇ ಶತಮಾನದಲ್ಲಿ. ಸಹ್ಯಾದ್ರಿಯ ಆಸರೆಯಲ್ಲಿರುವ ವಿಜ್ಜಡವಿಡ ತಮ್ಮ ಊರು ಎಂದು ಭಾಸ್ಕರರು ಬರೆದಿದ್ದಾರೆ. ಅದು ಇಂದಿನ ವಿಜಯಪುರ ಎಂದು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಮಹಾರಾಷ್ಟ್ರದ ಜಳಗಾಂವ ಕಡೆಯ ಊರು ಎನ್ನುವ ವಿದ್ವಾಂಸರೂ ಇದ್ದಾರೆ. ತಂದೆ ಮಹೇಶ್ವರರೇ ಅವರಿಗೆ ಗುರು. 36ನೇ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ಅವರು ‘ಸಿದ್ಧಾಂತ ಶಿರೋಮಣಿ’ ಬರೆದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳು ಅದರಲ್ಲಿವೆ.

ಬಿಲ್ಲು ಮತ್ತು ಹೆದೆ

ಚಕ್ಕಡಿಯ ಗಾಲಿಯನ್ನು ನೆನೆಯಿರಿ. ಅದರ ಅಂಚಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಗಾಲಿ ತಿರುಗಿದಂತೆ ಬಟ್ಟೆ ಅಚ್ಚಿಗಿಂತ ಮೇಲೆ ಏರುತ್ತದೆ, ಇಳಿಯುತ್ತದೆ, ಅಚ್ಚಿನ ಕೆಳಗೂ ಹೋಗಿ ಮತ್ತೆ ಏರುತ್ತದೆ. ಈ ಏರಿಳಿತವನ್ನು ಗ್ರಾಫ್ ಹಾಳೆಯಲ್ಲಿ ಬರೆದರೆ ಸುಂದರವಾದ ಅಲೆ ಮೂಡುತ್ತದೆ. ಅಚ್ಚಿನಿಂದ ಬಟ್ಟೆಗಿರುವ ಎತ್ತರಕ್ಕೆ ಹಿಂದಿನವರು ‘ಜ್ಯಾ’ ಎಂದರು. ಜ್ಯಾ ಎಂದರೆ ಬಿಲ್ಲಿನ ಹೆದೆ. ಮುಂದೆ ನೀವು ಹೈಸ್ಕೂಲಿನಲ್ಲಿ ಕಲಿಯುವ ‘ಸೈನ್’ ಇದೇ.

ಗಾಲಿಯ ತ್ರಿಜ್ಯ 120 ಎಂದಿಟ್ಟುಕೊಂಡು ಭಾಸ್ಕರರು ಒಂದು ಚಿಕ್ಕ ಪಟ್ಟಿ ಕೊಟ್ಟರು. ಪ್ರತಿ 10 ಡಿಗ್ರಿ ತಿರುಗಿದಾಗ ಎತ್ತರ ಎಷ್ಟು ಹೆಚ್ಚುತ್ತದೆ? 21, 20, 19, 17, 15, 12, 9, 5, 2. ಕೂಡಿಸುತ್ತಾ ಹೋಗಿ: 21, 41, 60, 77, 92, 104, 113, 118, 120. ಗಾಲಿ 90 ಡಿಗ್ರಿ ತಿರುಗಿತು, ಬಟ್ಟೆ ತುದಿ ಮುಟ್ಟಿತು. ಮೇಲೆ ಹೋದಂತೆ ಹೆಚ್ಚಳ ಕುಗ್ಗುವುದನ್ನು ಗಮನಿಸಿದಿರಾ?

ಪಟ್ಟಿಯಲ್ಲಿ ಮೊದಲಿನ 0 ಮತ್ತು ಕೊನೆಯ 120 ಮಾತ್ರ ಇದ್ದಿದ್ದರೆ ಏನಾಗುತ್ತಿತ್ತು? 45 ಡಿಗ್ರಿಗೆ ಎತ್ತರ ಎಷ್ಟು ಎಂದರೆ ನಾವು ಅರ್ಧ ಮಾಡಿ 60 ಎನ್ನುತ್ತಿದ್ದೆವು. ನಿಜವಾದ ಎತ್ತರ ಸುಮಾರು 85! ಅಳತೆಗಳು ಕಡಿಮೆಯಾದರೆ ತಪ್ಪು ದೊಡ್ಡದಾಗುತ್ತದೆ.

ಚಂದ್ರನಿಗೆ ಅವಸರ

ಈ ತಪ್ಪು ಭಾಸ್ಕರರಿಗೆ ಬರೀ ಲೆಕ್ಕದ ತಪ್ಪಾಗಿರಲಿಲ್ಲ. ಗ್ರಹಣ ಯಾವಾಗ ಹಿಡಿಯುತ್ತದೆ ಎಂದು ಮೊದಲೇ ಹೇಳಬೇಕಿತ್ತು. ಚಂದ್ರ ಬೇಗ ಬೇಗ ಸಾಗುತ್ತಾನೆ, ಅವನ ವೇಗವೂ ಬದಲಾಗುತ್ತಿರುತ್ತದೆ. ಇಡೀ ದಿನಕ್ಕೆ ಒಂದೇ ವೇಗ ಎಂದು ಲೆಕ್ಕ ಹಾಕಿದರೆ ಗ್ರಹಣದ ಹೊತ್ತು ತಪ್ಪುತ್ತದೆ. ಅದಕ್ಕಾಗಿ ಅವರು ಆ ಕ್ಷಣದ ವೇಗವನ್ನು ಹುಡುಕಿದರು. ಅದಕ್ಕೆ ‘ತಾತ್ಕಾಲಿಕ ಗತಿ’ ಎಂದು ಹೆಸರು. ನ್ಯೂಟನ್‌ಗಿಂತ 500 ವರ್ಷ ಮೊದಲೇ ಅವರು ಹೀಗೆ ಯೋಚಿಸಿದ್ದರು.

ಪಟ್ಟಿಯನ್ನು ಇನ್ನೂ ಸೂಕ್ಷ್ಮ ಮಾಡಲು ಅವರು ಒಂದು ಸೂತ್ರವನ್ನೂ ಕೊಟ್ಟರು. ಈಗಿನ ಎತ್ತರದಿಂದ ಅದರ 6569ನೇ ಒಂದು ಭಾಗ ಕಳೆಯಿರಿ. ಬಟ್ಟೆ ಅಚ್ಚಿನಿಂದ ಅಡ್ಡಡ್ಡವಾಗಿ ಎಷ್ಟು ದೂರವಿದೆಯೋ ಅದನ್ನು 10ರಿಂದ ಗುಣಿಸಿ, 573ರಿಂದ ಭಾಗಿಸಿ, ಕೂಡಿಸಿ. ಮುಂದಿನ 1 ಡಿಗ್ರಿಯ ಎತ್ತರ ಸಿಗುತ್ತದೆ. ಹೀಗೆ ಒಂದರಿಂದ ಮುಂದಿನದನ್ನು ಕಂಡುಕೊಳ್ಳುತ್ತಾ 90 ಎತ್ತರಗಳನ್ನೂ ಪಡೆಯಬಹುದು.

ಇಂದಿನ ಪುಟ್ಟ ಬೋರ್ಡು

ಈಗ ನಮ್ಮ ಕಾಲಕ್ಕೆ ಬರೋಣ. ಪ್ರೊಸೆಸರ್ ಮತ್ತು ಸ್ಮರಣೆ ಎರಡೂ ಸೇರಿದ, ಅಂಗೈಯಲ್ಲಿ ಹಿಡಿಯುವಂಥ ಬೋರ್ಡುಗಳಿವೆ. ಅವನ್ನು ‘ಸಿಸ್ಟಮ್ ಆನ್ ಮಾಡ್ಯೂಲ್’ ಎನ್ನುತ್ತಾರೆ. ಇವುಗಳಿಗೆ ‘ಡೇಟಾ ಪರಿವರ್ತಕ’ ಎಂಬ ಚಿಪ್ ಜೋಡಿಸುತ್ತಾರೆ. ಒಂದು ಬಗೆಯ ಪರಿವರ್ತಕ ವಿದ್ಯುತ್ತಿನ ಅಲೆಯನ್ನು ಅಳೆದು ಅಂಕಿ ಮಾಡುತ್ತದೆ. ಇನ್ನೊಂದು ಬಗೆಯದು ಅಂಕಿಯನ್ನು ಅಲೆ ಮಾಡುತ್ತದೆ.

ಅಲೆ ಬೇಕೆಂದಾಗ ಬೋರ್ಡು ಏನು ಮಾಡುತ್ತದೆ ಗೊತ್ತೆ? ಹಲವು ಬೋರ್ಡುಗಳು ಸ್ಮರಣೆಯಲ್ಲಿ ಸೈನ್ ಪಟ್ಟಿಯನ್ನು ಇಟ್ಟುಕೊಂಡಿರುತ್ತವೆ. ಒಂದೊಂದೇ ಅಂಕಿಯನ್ನು ತೆಗೆದು ಪರಿವರ್ತಕಕ್ಕೆ ಕಳಿಸುತ್ತವೆ. ಇನ್ನು ಕೆಲವು, ಈಗಿನ ಅಂಕಿಯಿಂದಲೇ ಮುಂದಿನದನ್ನು ಲೆಕ್ಕ ಹಾಕುತ್ತವೆ. ಎಂಜಿನಿಯರರು ಇದನ್ನು ಭಾಸ್ಕರರ ಗ್ರಂಥ ನೋಡಿ ಮಾಡಲಿಲ್ಲ. ಆದರೆ ದಾರಿ ಅದೇ.

ವೇಗ ಮಾತ್ರ ಬೇರೆ. ಸೆಕೆಂಡಿಗೆ 10 ಕೋಟಿ ಸಲ ಅಳೆಯುವ ಪರಿವರ್ತಕವಿದೆ ಎನ್ನಿ. ಪ್ರತಿ ಅಳತೆಗೆ 14 ಬಿಟ್ ಬೇಕಾದರೆ ಸೆಕೆಂಡಿಗೆ 140 ಕೋಟಿ ಬಿಟ್ ಹರಿಯುತ್ತವೆ. ಲೇಜಿಮ್ ಆಡುವಾಗ ಎಲ್ಲರೂ ಒಂದೇ ಸೀಟಿಗೆ ಹೆಜ್ಜೆ ಇಡುತ್ತೀರಿ ಅಲ್ಲವೆ? ಹಾಗೆಯೇ ಈ ಬಿಟ್‌ಗಳು ಒಂದೇ ಗಡಿಯಾರದ ತಾಳಕ್ಕೆ ಬರಬೇಕು. ಅದಕ್ಕಾಗಿ ಜೊತೆಯಾಗಿ ಸಾಗುವ ತಂತಿಗಳ ಉದ್ದವನ್ನೂ ಸಮ ಮಾಡುತ್ತಾರೆ. ಒಂದು ಬಿಟ್ ತಡವಾದರೂ ಅಂಕಿ ಕೆಡುತ್ತದೆ, ಅಲೆಯೂ ಕೆಡುತ್ತದೆ.

ಉಳಿದು ಬಂದ ವಿದ್ಯೆ

ಭಾಸ್ಕರರು 1183ರಲ್ಲಿ, ಸುಮಾರು 69ನೇ ವಯಸ್ಸಿನಲ್ಲಿ, ‘ಕರಣ ಕುತೂಹಲ’ ಎಂಬ ಗ್ರಂಥ ಬರೆದರು. ಕಷ್ಟದ ಲೆಕ್ಕಗಳನ್ನು ಸುಲಭ ಮಾಡುವ ಪುಸ್ತಕವಿದು. ಆಗ ಅಚ್ಚಿನ ಪುಸ್ತಕಗಳಿರಲಿಲ್ಲ. ಕಲಿಸುವವರು, ಕೈಯಲ್ಲಿ ಬರೆದುಕೊಳ್ಳುವವರು ಇಲ್ಲದಿದ್ದರೆ ಎಂಥ ಗ್ರಂಥವೂ ಅಳಿದುಹೋಗುತ್ತಿತ್ತು. ಅವರ ಮೊಮ್ಮಗ ಚಂಗದೇವರು ಮಹಾರಾಷ್ಟ್ರದ ಪಾಟಣದಲ್ಲಿ ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಒಂದು ಮಠ ಮಾಡಿದರು. 1207ರ ಶಾಸನ ಇದನ್ನು ಹೇಳುತ್ತದೆ. 1587ರಲ್ಲಿ ಫೈಜಿ ಎಂಬ ಕವಿ ಲೀಲಾವತಿಯನ್ನು ಪರ್ಷಿಯನ್ ಭಾಷೆಗೆ ತಂದರು. 1979 ಮತ್ತು 1981ರಲ್ಲಿ ಭಾರತದ ಎರಡು ಉಪಗ್ರಹಗಳು ‘ಭಾಸ್ಕರ’ ಎಂಬ ಹೆಸರು ಹೊತ್ತು ಆಕಾಶಕ್ಕೆ ಏರಿದವು.

ನೀವೇ ಮಾಡಿ ನೋಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನೀವು ಯಾವ ಊರಿನಲ್ಲೇ ಇರಿ, ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಡಿ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಗಂಟೆಗೊಮ್ಮೆ ಅದರ ನೆರಳನ್ನು ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿ, ಚುಕ್ಕೆಗಳನ್ನು ಸೇರಿಸಿ. ಆಮೇಲೆ ಮೊದಲ ಮತ್ತು ಕೊನೆಯ ಚುಕ್ಕೆಗಳನ್ನು ಮಾತ್ರ ನೇರ ಗೆರೆಯಿಂದ ಸೇರಿಸಿ. ಮಧ್ಯಾಹ್ನದ ಗಿಡ್ಡ ನೆರಳು ಎಲ್ಲಿ ಹೋಯಿತು? ಗೆಳೆಯರೊಂದಿಗೆ ಚರ್ಚಿಸಿ.