ಕಿರಿಯರಲ್ಲಿ ಹಿರಿಯರು: ಅವಿರಳಜ್ಞಾನಿ ಚೆನ್ನಬಸವಣ್ಣನವರು

ಮನೆಮನೆಗಳಲ್ಲಿಯೂ ಕೇಳಿಬರುವ ದೂರುಗಳು ಎರಡುಂಟು. ಮಕ್ಕಳು ಕಟ್ಟುಕಟ್ಟಳೆಗಳನ್ನು ಮೀರುತ್ತಿರುವರೆಂಬುದು ಹಿರಿಯರ ದೂರು; ಕಟ್ಟಳೆಗಳೇ ಕಾಲಿಗೆ ತೊಡಕಾದುವೆಂಬುದು ಕಿರಿಯರ ದೂರು. ವಿದ್ಯೆ, ವೃತ್ತಿ, ವಿವಾಹ, ಉಡಿಗೆತೊಡಿಗೆಗಳಲ್ಲಿ ಸಮಾಜವು ತರುಣರಿಗೆ ವಿಧಿಸುವ ನಿಯಮಗಳು ಅತಿಯಾದುವೇ ಎಂಬ ಈ ಪ್ರಶ್ನೆಯು ಇಂದು ಹುಟ್ಟಿದುದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿಯೇ ಅದು ಶರಣರ ಮುಂದೆ ನಿಂತಿತ್ತು. ಅವರಿತ್ತ ಉತ್ತರವನ್ನು ಅರಿಯಲೆಳಸುವವರು, ತಾವೇ ತರುಣರಾಗಿದ್ದೂ ಶರಣಸಮೂಹಕ್ಕೆ ಆಚಾರದ ಕ್ರಮವನ್ನು ನಿರೂಪಿಸಿದ ಚೆನ್ನಬಸವಣ್ಣನವರ ಚರಿತ್ರೆಯನ್ನು ಅವಲೋಕಿಸಬೇಕು.

ಚೆನ್ನಬಸವಣ್ಣನವರ ತಾಯಿ ಅಕ್ಕನಾಗಮ್ಮನವರು. ಬಸವಣ್ಣನವರಿಗೆ ಒಡಹುಟ್ಟಿದ ಅಕ್ಕ. ಬಾಗೇವಾಡಿಯ ಅಗ್ರಹಾರದಲ್ಲಿ ಬಾಲಕ ಬಸವಣ್ಣನವರಿಗೆ ಉಪನಯನದ ಸಿದ್ಧತೆ ನಡೆದಾಗ, ತನಗಿಂತ ಹಿರಿಯಳಾದ ಅಕ್ಕನಿಗೆ ಇಲ್ಲದ ಸಂಸ್ಕಾರವು ತನಗೇಕೆ ಎಂದು ಅವರು ಕೇಳಿದರೆಂದು ಪರಂಪರೆಯು ಹೇಳುತ್ತದೆ. ಉತ್ತರ ಕೊಡಲಾರದ ಹಿರಿಯರು ಕಟ್ಟಳೆಯನ್ನು ಮಾತ್ರ ಮುಂದೆ ಹಿಡಿದರು. ಬಾಲಕನು ಮನೆಯನ್ನು ತೊರೆದು ಕೂಡಲಸಂಗಮದ ಹಾದಿ ಹಿಡಿದನು. ಯಾವ ಅಕ್ಕನ ನಿಮಿತ್ತವಾಗಿ ಈ ಪ್ರಶ್ನೆಯು ಎದ್ದಿತೋ ಆಕೆಯ ಗರ್ಭದಲ್ಲಿಯೇ ಚೆನ್ನಬಸವಣ್ಣನವರು ಜನಿಸಿದರು. ಕಾರಣವನ್ನು ಹೇಳದ ನಿಯಮವು ಎಳೆಯ ಮನಸ್ಸಿಗೆ ಎಷ್ಟು ಭಾರವೆಂಬುದನ್ನು ಆ ಮನೆತನವು ಅನುಭವದಿಂದಲೇ ಬಲ್ಲುದಾಗಿತ್ತು.

ಬಸವಣ್ಣನವರು ಕಳಚೂರಿ ಬಿಜ್ಜಳನ ಭಂಡಾರಿಯಾಗಿ ಕಲ್ಯಾಣದಲ್ಲಿ ನೆಲೆಸಿದ ಮೇಲೆ ಚೆನ್ನಬಸವಣ್ಣನವರು ಸೋದರಮಾವನ ಮಹಾಮನೆಯಲ್ಲಿಯೇ ಬೆಳೆದರು. ಆ ಮನೆಯ ಬಾಗಿಲು ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಮೊದಲಾದ ಎಲ್ಲ ಕಾಯಕದ ಶರಣರಿಗೂ ತೆರೆದಿತ್ತು. ಹಾಗೆಂದು ಅಲ್ಲಿ ನಿಯಮವೇ ಇರಲಿಲ್ಲವೆಂದು ಎಣಿಸಲಾಗದು. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಪತ್ನಿ ಲಕ್ಕಮ್ಮನವರು ಆ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದರು. ಅಷ್ಟು ಬಿಗಿಯಾದ ನಿಷ್ಠೆಯು ಅಲ್ಲಿತ್ತು. ಆದರೆ ಆ ನಿಷ್ಠೆಯು ಗಂಡನಿಗೂ ಹೆಂಡತಿಗೂ, ಭಂಡಾರಿಗೂ ಬಡವನಿಗೂ, ಹಿರಿಯನಿಗೂ ಕಿರಿಯನಿಗೂ ಒಂದೇ ಆಗಿತ್ತು. ಚೆನ್ನಬಸವಣ್ಣನವರು ಬಾಲ್ಯದಿಂದ ಕಂಡುಂಡ ಶಿಕ್ಷಣವೆಂದರೆ ಇದೇ.

ಈ ಶಿಕ್ಷಣದ ಫಲವು ಅಲ್ಲಮಪ್ರಭುದೇವರು ಕಲ್ಯಾಣಕ್ಕೆ ಬಂದ ದಿನ ಪ್ರಕಟವಾಯಿತು. ಶೂನ್ಯಸಂಪಾದನೆಯು ನಿರೂಪಿಸುವಂತೆ, ಪ್ರಭುದೇವರು ಸೊನ್ನಲಿಗೆಯ ಸಿದ್ಧರಾಮಯ್ಯನವರೊಡನೆ ಮಹಾಮನೆಯ ಬಾಗಿಲಲ್ಲಿ ಬಂದು ನಿಂತರು. ಬಸವಣ್ಣನವರು ಆಗ ಲಿಂಗಪೂಜೆಯಲ್ಲಿದ್ದರು. ಹಡಪದ ಅಪ್ಪಣ್ಣನವರು ವಿಷಯವನ್ನು ತಿಳಿಸಿದರೂ ಪೂಜೆಯನ್ನು ಬಿಟ್ಟೇಳಲಿಲ್ಲ. ಬಾಗಿಲಿಗೆ ಬಂದ ಜಂಗಮವನ್ನು ಇದಿರ್ಗೊಳ್ಳದೆ ಪೂಜೆಯಲ್ಲಿ ಕುಳಿತಿರುವುದು ಭಕ್ತಿಗೆ ಸಲ್ಲದೆಂದು ಚೆನ್ನಬಸವಣ್ಣನವರು ಸೋದರಮಾವನಿಗೆ ತಿಳಿಯಹೇಳಿದರು. ಕೇಳಿದವರು ರಾಜ್ಯದ ಭಂಡಾರಿ, ಸಹಸ್ರಾರು ಶರಣರಿಗೆ ಆಶ್ರಯದಾತರು, ಮನೆಯ ಯಜಮಾನರು. ಹೇಳಿದವರು ಅವರ ಮಡಿಲಲ್ಲಿ ಬೆಳೆದ ಅಳಿಯ. ಬಸವಣ್ಣನವರು ಅದನ್ನು ಉದ್ಧಟತನವೆಂದು ಬಗೆಯಲಿಲ್ಲ. ತಪ್ಪನ್ನು ಒಪ್ಪಿಕೊಂಡು ಪ್ರಭುದೇವರ ಪಾದಕ್ಕೆ ಎರಗಿದರು. ಕಿರಿಯನು ಹಿರಿಯನ ತಪ್ಪನ್ನು ಹೇಳಬಹುದಾದ ಮನೆಯಲ್ಲಿ ಮಾತ್ರವೇ ಹಿರಿಯನು ಹೇಳಿದ ನಿಯಮವು ಕಿರಿಯನ ಹೃದಯಕ್ಕೆ ಇಳಿಯುವುದು.

ಸಿದ್ಧರಾಮಯ್ಯನವರ ಪ್ರಸಂಗವಾದರೋ ಇನ್ನೊಂದು ಬಗೆಯದು. ಅವರು ಸೊನ್ನಲಿಗೆಯಲ್ಲಿ ಕೆರೆಗಳನ್ನು ತೋಡಿಸಿ, ದೇವಾಲಯಗಳನ್ನು ಕಟ್ಟಿಸಿ ಮಹಾಕರ್ಮಯೋಗಿಗಳೆನಿಸಿದ್ದರು. ಆದರೆ ಅವರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಅಂತರಂಗದಲ್ಲಿ ಅರಿವಿದ್ದ ಮೇಲೆ ಬಹಿರಂಗದ ಕುರುಹು ಏಕೆ ಬೇಕೆಂಬುದು ಅವರ ವಾದವಾಗಿತ್ತು. ಚೆನ್ನಬಸವಣ್ಣನವರು ಅವರ ಕೀರ್ತಿಗೂ ವಯಸ್ಸಿಗೂ ಅಂಜಿ ಸುಮ್ಮನಾಗಲಿಲ್ಲ; ಅಂತರಂಗ ಬಹಿರಂಗಗಳೆರಡೂ ಒಂದಾಗಬೇಕೆಂಬುದನ್ನು ಕಾರಣಸಹಿತವಾಗಿ ವಿವರಿಸಿದರು. ಕಡೆಗೆ ಪ್ರಭುದೇವರ ಅಪ್ಪಣೆಯಂತೆ ಸಿದ್ಧರಾಮಯ್ಯನವರು ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದಲೇ ದೀಕ್ಷೆ ಪಡೆದರು. ಮುಂದೆ 1584ರಲ್ಲಿ ವಿರೂಪಾಕ್ಷಪಂಡಿತನು ರಚಿಸಿದ ಚೆನ್ನಬಸವಪುರಾಣದಲ್ಲಿಯೂ ಚೆನ್ನಬಸವಣ್ಣನವರು ಬೋಧಿಸುವ ಗುರು, ಸಿದ್ಧರಾಮಯ್ಯನವರು ಕೇಳುವ ಶಿಷ್ಯ.

ಉಡುತಡಿಯ ಮಹಾದೇವಿಯಕ್ಕನವರು ಕಲ್ಯಾಣಕ್ಕೆ ಬಂದಾಗಲೂ ಇದೇ ಪ್ರಶ್ನೆ ಎದ್ದಿತು. ಅರಸ ಕೌಶಿಕನ ಐಶ್ವರ್ಯವನ್ನು ನಿರಾಕರಿಸಿ, ಮನೆಮಾರುಗಳನ್ನು ತೊರೆದು ಬಂದ ತರುಣಿಯನ್ನು ಲೋಕವು ತನ್ನ ಕಟ್ಟಳೆಯ ಕೋಲಿನಿಂದಲೇ ಅಳೆಯಿತು. ಪ್ರಭುದೇವರು ಆಕೆಯನ್ನು ಕಠಿಣವಾಗಿ ಪರೀಕ್ಷಿಸಿದರು. ಆ ಪರೀಕ್ಷೆ ಅರಿವಿನದು, ವೈರಾಗ್ಯದ್ದು. ಹೆಣ್ಣೆಂಬ ಕಾರಣಕ್ಕೆ ಬಾಯಿ ಮುಚ್ಚಿಸುವುದಾಗಿರಲಿಲ್ಲ. ಆಕೆಯು ಉತ್ತೀರ್ಣಳಾದಾಗ ಚೆನ್ನಬಸವಣ್ಣನವರು ಒಂದು ವಚನದಲ್ಲಿ ಆಕೆಯನ್ನು ಕೊಂಡಾಡಿದರು. ಬಹುಕಾಲ ಬದುಕಿದ ಮಾತ್ರಕ್ಕೆ ಯಾರೂ ಹಿರಿಯರಾಗರೆಂದೂ, ನಿಜವಾದ ಹಿರಿತನವು ಮಹಾದೇವಿಯಕ್ಕನಿಗೆ ಸಂದಿತೆಂದೂ ಆ ವಚನದ ಭಾವ. ವಯಸ್ಸಿನ ಹಿರಿತನಕ್ಕೆ ಮಾತ್ರ ಮಣಿಯುತ್ತಿದ್ದ ಸಮಾಜಕ್ಕೆ ಇದು ಹೊಸ ಅಳತೆಗೋಲಾಯಿತು.

ಇಷ್ಟಾದರೂ ಚೆನ್ನಬಸವಣ್ಣನವರನ್ನು ನಿಯಮಭಂಜಕರೆಂದು ಕರೆಯುವವರಾರೂ ಇಲ್ಲ. ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳನ್ನು ಅಷ್ಟು ಸೂಕ್ಷ್ಮವಾಗಿ, ಕ್ರಮವಾಗಿ ವಿವರಿಸಿದವರು ವಿರಳ. ಅವರ ವಚನಗಳ ಬಹುಭಾಗವು ಈ ತತ್ತ್ವವಿವೇಚನೆಗೇ ಮೀಸಲಾಗಿದೆ. ಕರಣಹಸಿಗೆ, ಮಂತ್ರಗೋಪ್ಯಗಳೂ ಅವರ ಕೃತಿಗಳೆಂದು ಪ್ರಸಿದ್ಧವಾಗಿವೆ. ಆಚಾರದಲ್ಲಿ ಎಳ್ಳಷ್ಟು ಸಡಿಲವನ್ನೂ ಅವರು ಸಹಿಸುತ್ತಿರಲಿಲ್ಲ. ಆದರೆ ಆ ಷಟ್‌ಸ್ಥಲದ ಕ್ರಮವನ್ನೇ ಗಮನಿಸಿದರೆ ಗೃಹಸ್ಥರಿಗೆ ಒಂದು ಮಹತ್ತಾದ ಮರ್ಮವು ತಿಳಿಯುತ್ತದೆ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಾಹೇಶ್ವರಸ್ಥಲಕ್ಕೆ ನಿಷ್ಠಾಭಕ್ತಿ. ಮೊದಲು ಶ್ರದ್ಧೆ, ಅನಂತರ ನಿಷ್ಠೆ. ಅವಧಾನ, ಅನುಭಾವ, ಆನಂದ, ಸಮರಸಗಳು ಅದರಾಚೆಯ ಮೆಟ್ಟಿಲುಗಳು. ಶ್ರದ್ಧೆಯು ಮೊಳೆಯುವ ಮುನ್ನವೇ ಮಗುವಿನಿಂದ ನಿಷ್ಠೆಯನ್ನು ಬಲಾತ್ಕಾರವಾಗಿ ಪಡೆಯಹೊರಡುವ ತಂದೆತಾಯಿಗಳು ಎರಡನೆಯ ಮೆಟ್ಟಿಲನ್ನು ಮೊದಲು ಕಟ್ಟುವವರು. ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದು. ಶಿವಭಕ್ತರೆಲ್ಲರಿಗೂ ತಾನು ಕಿಂಕರನೆಂದು ನಡೆಯುವುದೇ ಅದರ ಅರ್ಥ. ಆ ವಿನಯವು ಕಿರಿಯರಿಗೆ ಮಾತ್ರ ವಿಧಿಸಿದುದಲ್ಲ.

ಕಲ್ಯಾಣದ ಕೊನೆಯ ದಿನಗಳು ಈ ಪ್ರಶ್ನೆಯನ್ನು ರಕ್ತದಲ್ಲಿ ಬರೆದುವು. ಸಮಗಾರ ಹರಳಯ್ಯನವರ ಮಗನಿಗೂ, ಬ್ರಾಹ್ಮಣಕುಲದಿಂದ ಬಂದು ಶರಣರಾದ ಮಧುವರಸರ ಮಗಳಿಗೂ ವಿವಾಹ ನಡೆಯಿತು. ಲಿಂಗವಂತರಾದ ಮೇಲೆ ಅವರಲ್ಲಿ ಕುಲಭೇದವಿಲ್ಲವೆಂಬುದು ಶರಣರ ನಿಲುವು. ಸಂಪ್ರದಾಯದ ಪಕ್ಷಪಾತಿಗಳು ಬಿಜ್ಜಳನಿಗೆ ದೂರಿತ್ತರು. ಹರಳಯ್ಯ, ಮಧುವರಸರ ಕಣ್ಣುಗಳನ್ನು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಯಿಸುವ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಲಾಯಿತು. ಇಬ್ಬರು ತರುಣರು ಕೂಡಿ ಬಾಳುವೆಯನ್ನು ಆರಂಭಿಸಿದುದಕ್ಕಾಗಿ ಇಬ್ಬರು ತಂದೆಯರು ಪ್ರಾಣವನ್ನು ತೆತ್ತರು. ಅಂತಹ ವಿವಾಹಗಳ ಸಿಂಧುತ್ವವನ್ನು ಭಾರತದ ಕಾನೂನು ಸ್ಪಷ್ಟವಾಗಿ ಮಾನ್ಯಮಾಡಿದುದು 1949ರ ಹಿಂದೂ ವಿವಾಹ ಮಾನ್ಯತಾ ಕಾಯಿದೆಯಿಂದ. ನಡುವೆ ಸುಮಾರು 780 ವರ್ಷಗಳು ಕಳೆದಿದ್ದುವು.

1167-68ರ ಆ ವಿಪ್ಲವದಲ್ಲಿ ಬಿಜ್ಜಳನ ಆಳ್ವಿಕೆಯೂ ಕೊನೆಗಂಡಿತು, ಶರಣರು ದಿಕ್ಕುದಿಕ್ಕಿಗೆ ಚದರಿದರು. ಪ್ರಭುದೇವರ ತರುವಾಯ ಶೂನ್ಯಸಿಂಹಾಸನವನ್ನು ಏರಿದವರು ಚೆನ್ನಬಸವಣ್ಣನವರೆಂದು ಪರಂಪರೆಯು ಪರಿಗಣಿಸುತ್ತದೆ. ಆ ತರುಣರ ಹೆಗಲಿಗೆ ಈಗ ಶರಣಸಮೂಹದ ರಕ್ಷಣೆಯ ಹೊರೆ ಬಿದ್ದಿತು. ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿ ಬಂದ ಸೈನಿಕರನ್ನು ಇದಿರಿಸುತ್ತ, ಅವರು ಶರಣರನ್ನು ಪಶ್ಚಿಮಕ್ಕೆ ನಡೆಯಿಸಿದರು. ದಾರಿಯಲ್ಲಿ ಡೋಹರ ಕಕ್ಕಯ್ಯನವರು ಕಕ್ಕೇರಿಯಲ್ಲಿ ಲಿಂಗೈಕ್ಯರಾದರೆಂದು ಪ್ರತೀತಿ. ವೃದ್ಧರು, ಸ್ತ್ರೀಯರು, ಮಕ್ಕಳು ಆ ಎಳೆಯ ನಾಯಕನ ಮಾತನ್ನು ನಂಬಿ ನಡೆದರು. ಸಹ್ಯಾದ್ರಿಯ ದಟ್ಟಡವಿಯಲ್ಲಿರುವ ಉಳವಿಯಲ್ಲಿ ಅವರಿಗೆ ನೆಲೆ ದೊರೆಯಿತು. ಅಲ್ಲಿಯೇ ಚೆನ್ನಬಸವಣ್ಣನವರು ತಾರುಣ್ಯವು ಮುಗಿಯುವ ಮೊದಲೇ ಲಿಂಗೈಕ್ಯರಾದರು. ಇಂದಿಗೂ ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗುತ್ತಾರೆ. ಅಕ್ಕನಾಗಮ್ಮನವರ ಗವಿಯನ್ನೂ ಮಹಾಮನೆಯ ಗವಿಯನ್ನೂ ದರ್ಶಿಸಿ ಬರುತ್ತಾರೆ.

ಹಾಗಾದರೆ ತರುಣರಿಗೆ ವಿಧಿಸುವ ಕಟ್ಟಳೆಗಳು ಅತಿಯಾದುವೇ? ಚೆನ್ನಬಸವಣ್ಣನವರ ಬಾಳು ನೀಡುವ ಉತ್ತರವು ಗೃಹಸ್ಥರನ್ನು ಮೊದಲು ತಮ್ಮ ಕಡೆಗೆ ತಿರುಗಿಸುತ್ತದೆ. ಮಗನಿಗೆ ಮುಂಜಾನೆಯ ಲಿಂಗಪೂಜೆಯನ್ನು ವಿಧಿಸುವ ತಂದೆಯು ತಾನು ಪೂಜೆಗೆ ಕುಳಿತಿರುವನೇ? ಸತ್ಯವನ್ನು ನುಡಿಯೆಂದು ಹೇಳುವ ತಾಯಿಯು, ಬಾಗಿಲಿಗೆ ಬಂದ ಸಾಲಗಾರನಿಗೆ ಮನೆಯಲ್ಲಿ ಯಾರೂ ಇಲ್ಲವೆಂದು ಹೇಳೆಂದು ಅದೇ ಮಗುವನ್ನು ಕಳುಹಿಸುವಳೇ? ಮಗಳ ವಿದ್ಯೆಗೂ ವಿವಾಹಕ್ಕೂ ಹಾಕಿದ ಕಟ್ಟಿಗೆ ಕಾರಣವನ್ನು ಆಕೆಯ ಮುಂದೆ ಕುಳಿತು ಹೇಳಲು ಹಿರಿಯರಿಗೆ ಸಾಧ್ಯವೇ, ಅಥವಾ ನಾಲ್ವರು ಏನೆಂದಾರೆಂಬ ಭಯವೊಂದೇ ಕಾರಣವೇ? ತಾನು ಪಾಲಿಸುವ, ಕಾರಣವನ್ನು ಹೇಳಬಲ್ಲ, ಶ್ರದ್ಧೆಯ ಹಿಂದೆ ಬರುವ ನಿಯಮವು ಎಷ್ಟೇ ಬಿಗಿಯಾದರೂ ತರುಣರು ಅದನ್ನು ಹೊರಬಲ್ಲರು. ಉಳವಿಯ ಹಾದಿಯಲ್ಲಿ ತರುಣನೊಬ್ಬನು ಅದಕ್ಕಿಂತ ಭಾರವಾದುದನ್ನು ಹೊತ್ತನು. ಕುಲದ ಹೆಮ್ಮೆಗಾಗಿ, ಹಿರಿಯರ ಅನುಕೂಲಕ್ಕಾಗಿ ಹೇರಿದ ನಿಯಮವು ಹಗುರವಾಗಿ ಕಂಡರೂ ಅನ್ಯಾಯವೇ. ಮಕ್ಕಳ ಪ್ರಶ್ನೆಗೆ ಕಿವಿಗೊಡುವ ತಾಳ್ಮೆಯನ್ನು ಹಿರಿಯರಿಗೂ, ಉತ್ತರವು ಸತ್ಯವಾದಾಗ ಅದಕ್ಕೆ ಕಟ್ಟುಬೀಳುವ ಧೈರ್ಯವನ್ನು ಕಿರಿಯರಿಗೂ ಆ ಅವಿರಳಜ್ಞಾನಿಗಳು ಕರುಣಿಸಲಿ.